ಒಂದೇ ತುಟಿ, ಎರಡು ವಾದ್ಯ: ಮೌತ್‌ಪೀಸಿನ ಅಂಚನ್ನು ಆರಿಸುವ ಬಗೆ

ಜಾಜ್ ಸಂಗೀತದ ಹಿರಿಯ ಕಲಾವಿದ ಕ್ಲಾರ್ಕ್ ಟೆರ್ರಿ (1920–2015) ವೇದಿಕೆಯ ಮೇಲೆ ಒಂದು ಚಮತ್ಕಾರ ಮಾಡಿ ತೋರಿಸುತ್ತಿದ್ದರು. ಒಂದು ಕೈಯಲ್ಲಿ ಟ್ರಂಪೆಟ್, ಇನ್ನೊಂದು ಕೈಯಲ್ಲಿ ಫ್ಲೂಗಲ್‌ಹಾರ್ನ್. ಟ್ರಂಪೆಟ್ಟಿನಲ್ಲಿ ಒಂದು ಪ್ರಶ್ನೆ, ಫ್ಲೂಗಲ್‌ಹಾರ್ನಿನಲ್ಲಿ ಅದಕ್ಕೆ ಉತ್ತರ. ನಮ್ಮ ಸಂಗೀತ ಕಚೇರಿಗಳ ಸವಾಲ್-ಜವಾಬ್ ಇದ್ದ ಹಾಗೆ. ಆದರೆ ಇಲ್ಲಿ ಇಬ್ಬರು ಕಲಾವಿದರಿಲ್ಲ, ಒಬ್ಬರೇ. ಒಂದು ವಾದ್ಯ ತುಟಿಯಿಂದ ಇಳಿಯುವಷ್ಟರಲ್ಲಿ ಇನ್ನೊಂದು ತುಟಿಗೆ ಬಂದು ಕೂರುತ್ತಿತ್ತು. ಕೇಳುವವರಿಗೆ ಅದು ಕೈಚಳಕವೆಂದು ತೋರಿದರೂ ಹಿತ್ತಾಳೆ ವಾದ್ಯ ನುಡಿಸಿ ಬಲ್ಲವರಿಗೆ ಅಲ್ಲಿ ಕಾಣುವುದು ತುಟಿಯ ಚಳಕ.

ಇಂದು ಟ್ರಂಪೆಟ್ ಕಲಿತವರಲ್ಲಿ ಅನೇಕರು ಫ್ಲೂಗಲ್‌ಹಾರ್ನನ್ನೂ ಕೈಗೆತ್ತಿಕೊಳ್ಳುತ್ತಾರೆ. ಚರ್ಚಿನ ವಾದ್ಯಗೋಷ್ಠಿ, ಹೋಟೆಲಿನ ಜಾಜ್ ತಂಡ, ಹಾಡಿನ ಧ್ವನಿಮುದ್ರಣ, ಎಲ್ಲೆಡೆ ಮೃದುವಾದ ಹಾಡು ಬಂದಾಗ ‘ಇದನ್ನು ಫ್ಲೂಗಲ್‌ಹಾರ್ನಿನಲ್ಲಿ ನುಡಿಸಿಬಿಡಿ’ ಎನ್ನುವವರಿದ್ದಾರೆ. ಆಗ ಎದುರಾಗುವ ಮೊದಲ ಪ್ರಶ್ನೆ ಇದು: ಎರಡು ವಾದ್ಯಕ್ಕೂ ಒಂದೇ ಅಳತೆಯ ಮೌತ್‌ಪೀಸ್ ಬೇಕೆ, ಬೇರೆ ಬೇರೆ ಬೇಕೆ? ಬೇರೆಯಾದರೆ ಎಷ್ಟು ಬೇರೆ? ಪ್ರಶ್ನೆ ಸಣ್ಣದೆನಿಸಬಹುದು. ಆದರೆ ಇದನ್ನು ಕಡೆಗಣಿಸಿದರೆ ಬೆಲೆ ತೆರುವುದು ಸಭೆಯ ನಡುವೆ, ಎಲ್ಲರೂ ಕೇಳುತ್ತಿರುವಾಗ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಹಲವು ವರ್ಷಗಳ ಹಿಂದಿನ ಒಂದು ಕ್ರಿಸ್‌ಮಸ್ ಕಾರ್ಯಕ್ರಮ. ಟ್ರಂಪೆಟ್ ನನ್ನದು, ಫ್ಲೂಗಲ್‌ಹಾರ್ನ್ ಸ್ನೇಹಿತರಿಂದ ಎರವಲು ತಂದದ್ದು. ಅದರಲ್ಲಿದ್ದ ಮೌತ್‌ಪೀಸಿನ ಬಾಯಿ ನನ್ನದಕ್ಕಿಂತ ಕಿರಿದು, ಒಳಅಂಚು ಬಹಳ ದುಂಡು. ನಿಧಾನಗತಿಯ ಹಾಡನ್ನು ಹೇಗೋ ಮುಗಿಸಿದೆ. ಮುಂದೆ ನಾಲ್ಕು ಬಾರ್‌ಗಳ ವಿರಾಮ. ಟ್ರಂಪೆಟ್ ಎತ್ತಿಕೊಂಡು ಮೇಲಿನ ಸ್ವರವನ್ನು ಹಿಡಿಯಹೋದರೆ ಸ್ವರದ ಬದಲು ಬರೀ ಗಾಳಿ ಹೊರಟಿತು. ಎರಡನೆಯ ಸಲ ಬೇರೆ ಯಾವುದೋ ಸ್ವರ ಬಂತು. ಮನೆಯಲ್ಲಿ ನೂರು ಸಲ ಸರಿಯಾಗಿ ನುಡಿಸಿದ್ದ ಸಾಲು ಅದು. ತಪ್ಪು ಅಭ್ಯಾಸದ ಕೊರತೆಯದಲ್ಲ. ಇಪ್ಪತ್ತು ನಿಮಿಷ ಬೇರೊಂದು ಅಂಚಿಗೆ ಒಗ್ಗಿಕೊಂಡಿದ್ದ ತುಟಿ, ನಾಲ್ಕೇ ಬಾರ್‌ಗಳಲ್ಲಿ ತನ್ನ ಹಳೆಯ ಜಾಗವನ್ನು ಹುಡುಕಿಕೊಳ್ಳಲಾಗದೆ ತಬ್ಬಿಬ್ಬಾಗಿತ್ತು.

ಎರಡು ವಾದ್ಯಗಳ ನಂಟು

ಮೊದಲು ವಾದ್ಯಗಳ ಪರಿಚಯ ಮಾಡಿಕೊಳ್ಳೋಣ. ಸಾಮಾನ್ಯ ಟ್ರಂಪೆಟ್ ಮತ್ತು ಫ್ಲೂಗಲ್‌ಹಾರ್ನ್ ಎರಡೂ ಬಿ ಫ್ಲ್ಯಾಟ್ ಶ್ರುತಿಯವು. ಎರಡರ ಕೊಳವೆಯೂ ಬಿಚ್ಚಿ ನೇರ ಮಾಡಿದರೆ ಸುಮಾರು ನಾಲ್ಕೂವರೆ ಅಡಿ. ಮೂರು ವಾಲ್ವುಗಳ ಮೇಲೆ ಬೆರಳು ಇಡುವ ಕ್ರಮವೂ ಒಂದೇ. ಆದ್ದರಿಂದ ಒಂದನ್ನು ಬಲ್ಲವರಿಗೆ ಇನ್ನೊಂದು ಬಂದೇ ಬರುತ್ತದೆ ಎಂಬ ನಂಬಿಕೆ ಬೆಳೆದಿದೆ.

ವ್ಯತ್ಯಾಸವಿರುವುದು ಕೊಳವೆಯ ಆಕಾರದಲ್ಲಿ. ಟ್ರಂಪೆಟ್ಟಿನ ಕೊಳವೆಯಲ್ಲಿ ದೊಡ್ಡ ಪಾಲು ಒಂದೇ ಅಗಲದ ನಳಿಗೆ. ಕೊನೆಯಲ್ಲಿ ಮಾತ್ರ ಅದು ಅರಳುತ್ತದೆ. ಫ್ಲೂಗಲ್‌ಹಾರ್ನಿನ ಕೊಳವೆ ವಾಲ್ವುಗಳ ಭಾಗ ಬಿಟ್ಟರೆ ಮೊದಲಿನಿಂದ ಕೊನೆಯವರೆಗೆ ಶಂಕುವಿನಂತೆ ಅಗಲವಾಗುತ್ತ ಹೋಗುತ್ತದೆ. ವಾಲ್ವಿನ ಬಳಿ ಟ್ರಂಪೆಟ್ಟಿನ ಒಳವ್ಯಾಸ ಸಾಮಾನ್ಯವಾಗಿ 11.66 ಮಿಲಿಮೀಟರಿನಷ್ಟು, ಫ್ಲೂಗಲ್‌ಹಾರ್ನಿನದು 10.5 ಮಿಲಿಮೀಟರಿನ ಆಸುಪಾಸು. ಅಂದರೆ ಅಲ್ಲಿ ಅದು ಟ್ರಂಪೆಟ್ಟಿಗಿಂತ ಕಿರಿದು. ಆದರೆ ಕೊನೆಯ ಗಂಟೆಯ ಬಾಯಿ ಸುಮಾರು 15 ಸೆಂಟಿಮೀಟರ್. ಟ್ರಂಪೆಟ್ಟಿನದು ಸುಮಾರು 12 ಮಾತ್ರ. ಕಿರಿದಾಗಿ ಹೊರಟು ಅಗಲವಾಗಿ ಮುಗಿಯುವ ಈ ಶಂಕುವಿನಿಂದಲೇ ಅದರ ನಾದಕ್ಕೆ ಆ ಮಂದ, ಮೃದು, ತುಂಬು ಗುಣ ಬಂದಿದೆ. ಟ್ರಂಪೆಟ್ಟಿನ ನಾದ ಚೂಪಾಗಿ ದೂರಕ್ಕೆ ಹಾರುತ್ತದೆ. ಫ್ಲೂಗಲ್‌ಹಾರ್ನಿನ ನಾದ ಹತ್ತಿರ ಕೂತು ಮಾತನಾಡಿದಂತಿರುತ್ತದೆ.

ಬ್ರಿಟನ್ನಿನ ಹಿತ್ತಾಳೆ ವಾದ್ಯತಂಡಗಳಲ್ಲಿ ಫ್ಲೂಗಲ್‌ಹಾರ್ನಿಗೆ ಬಹುಕಾಲದಿಂದ ಒಂದು ಖಾಯಂ ಸ್ಥಾನವಿದೆ. 1957ರಲ್ಲಿ ಮೈಲ್ಸ್ ಡೇವಿಸ್ ತಮ್ಮ ‘ಮೈಲ್ಸ್ ಅಹೆಡ್’ ಧ್ವನಿಮುದ್ರಿಕೆಯಲ್ಲಿ ಇದನ್ನೇ ನುಡಿಸಿದ ಮೇಲೆ ಜಾಜ್ ಲೋಕದ ಕಿವಿ ಇದರ ಕಡೆ ತಿರುಗಿತು. 1958ರಲ್ಲಿ ಮೊದಲ ಬಾರಿಗೆ ಪ್ರಯೋಗಗೊಂಡ ತಮ್ಮ ಒಂಬತ್ತನೆಯ ಸಿಂಫನಿಯಲ್ಲಿ ಇಂಗ್ಲಿಷ್ ಸಂಗೀತ ರಚನಕಾರ ವಾನ್ ವಿಲಿಯಮ್ಸ್ ಇದಕ್ಕೆ ಪ್ರತ್ಯೇಕ ಪಾತ್ರವನ್ನೇ ಬರೆದರು. ದೊಡ್ಡ ಜಾಜ್ ತಂಡಗಳಲ್ಲೂ ನಾಟಕಶಾಲೆಯ ವಾದ್ಯಗೋಷ್ಠಿಗಳಲ್ಲೂ ಟ್ರಂಪೆಟ್ ಕಲಾವಿದರೇ ಇದನ್ನೂ ನುಡಿಸುವುದು ರೂಢಿಯಾಯಿತು. ನಮ್ಮ ಇಂದಿನ ಪ್ರಶ್ನೆ ಹುಟ್ಟಿದ್ದು ಆ ರೂಢಿಯಿಂದ.

ತುಟಿಯೇ ಸೀವಾಳಿ

ನಾಗಸ್ವರ ವಿದ್ವಾಂಸರನ್ನು ನೀವು ನೋಡಿರುತ್ತೀರಿ. ಅವರ ವಾದ್ಯದಿಂದ ಸೀವಾಳಿಗಳ ಒಂದು ಗೊಂಚಲೇ ತೂಗುತ್ತಿರುತ್ತದೆ. ಒಂದು ಒಗ್ಗದಿದ್ದರೆ ಇನ್ನೊಂದನ್ನು ಹಾಕಿ, ನಾಲಿಗೆಯಲ್ಲಿ ಒದ್ದೆ ಮಾಡಿ, ಊದಿ ನೋಡುತ್ತಾರೆ. ನಾದ ಹುಟ್ಟುವುದು ಆ ಸೀವಾಳಿಯ ಕಂಪನದಿಂದ.

ಟ್ರಂಪೆಟ್ಟಿನಲ್ಲಿ ಸೀವಾಳಿ ಇಲ್ಲ. ಅಲ್ಲಿ ಕಂಪಿಸುವುದು ನುಡಿಸುವವರ ತುಟಿಯೇ. ಮೌತ್‌ಪೀಸ್ ಎಂಬುದು ಆ ತುಟಿಯ ಸೀವಾಳಿಯನ್ನು ಹಿಡಿದಿಟ್ಟುಕೊಳ್ಳುವ ಚೌಕಟ್ಟು. ನಾಗಸ್ವರದವರು ಸೀವಾಳಿ ಬದಲಾಯಿಸಬಹುದು; ನಮಗೆ ಇರುವುದು ಒಂದೇ ಜೊತೆ ತುಟಿ. ಅದಕ್ಕೆ ಯಾವ ಚೌಕಟ್ಟು ಹಾಕುತ್ತೇವೆ ಎಂಬುದೇ ನಮ್ಮ ಕೈಯಲ್ಲಿರುವ ಸಂಗತಿ.

ಸುಮಾರು 9 ಸೆಂಟಿಮೀಟರ್ ಉದ್ದದ ಈ ತುಂಡಿನಲ್ಲಿ ಐದು ಭಾಗಗಳಿವೆ. ತುಟಿಗೆ ತಾಗುವ ಉಂಗುರದಂತಹ ಭಾಗ ರಿಮ್, ಅಂದರೆ ಅಂಚು. ಅದರೊಳಗಿನ ಬಟ್ಟಲು ಕಪ್. ಬಟ್ಟಲಿನ ತಳದ ಕಿರಿದಾದ ರಂಧ್ರ ಥ್ರೋಟ್, ಅಂದರೆ ಗಂಟಲು. ಅಲ್ಲಿಂದ ಮುಂದೆ ಮೆಲ್ಲನೆ ಅಗಲವಾಗುವ ಒಳದಾರಿ ಬ್ಯಾಕ್‌ಬೋರ್. ವಾದ್ಯದೊಳಗೆ ಸಿಕ್ಕಿಕೊಳ್ಳುವ ಹೊರಗಿನ ಬಾಲ ಶ್ಯಾಂಕ್.

ಈ ಐದರಲ್ಲಿ ತುಟಿಗೆ ಗೊತ್ತಾಗುವುದು ಮುಖ್ಯವಾಗಿ ಅಂಚು ಒಂದೇ. ಮಿಕ್ಕ ನಾಲ್ಕು ಭಾಗಗಳು ಕಿವಿಗೂ ಉಸಿರಿಗೂ ಗೊತ್ತಾಗುತ್ತವೆ. ಎರಡು ವಾದ್ಯಕ್ಕೆ ಮೌತ್‌ಪೀಸ್ ಆರಿಸುವ ಇಡೀ ವಿಚಾರ ಈ ವ್ಯತ್ಯಾಸದ ಮೇಲೆ ನಿಂತಿದೆ. ತುಟಿಗೆ ಸಂಬಂಧಿಸಿದ್ದನ್ನು ಆದಷ್ಟು ಬದಲಾಯಿಸಬಾರದು. ನಾದಕ್ಕೆ ಸಂಬಂಧಿಸಿದ್ದನ್ನು ಬದಲಾಯಿಸಲೇಬೇಕು. ಅಂಚು ಒಂದೇ ಇರಲಿ, ಬಟ್ಟಲು ಬೇರೆ ಇರಲಿ.

ಅಂಚು ಎಂದರೆ ಅಗಲ ಮಾತ್ರವಲ್ಲ

‘ಅಂಚು ಒಂದೇ ಇರಲಿ’ ಎಂದಾಕ್ಷಣ ಎಲ್ಲರೂ ನೋಡುವುದು ಒಳವ್ಯಾಸವನ್ನು. ಅದು ಮುಖ್ಯವೇ. ಒಳವ್ಯಾಸ ಹೆಚ್ಚಿದ್ದರೆ ಒಳಗೆ ಹೆಚ್ಚು ತುಟಿ ಕಂಪಿಸುತ್ತದೆ, ನಾದ ದೊಡ್ಡದಾಗುತ್ತದೆ, ಆದರೆ ಸ್ನಾಯುಗಳಿಗೆ ದುಡಿಮೆಯೂ ಹೆಚ್ಚು. ಕಡಿಮೆಯಿದ್ದರೆ ದಣಿವು ತಡವಾಗಿ ಬರುತ್ತದೆ, ಆದರೆ ತುಂಬು ತುಟಿಯವರಿಗೆ ಇಕ್ಕಟ್ಟಾಗುತ್ತದೆ.

ವ್ಯಾಸದ ಜೊತೆಗೆ ಇನ್ನೂ ಮೂರು ಗುಣಗಳಿವೆ. ಮೊದಲನೆಯದು ಅಂಚಿನ ದಪ್ಪ: ಉಂಗುರ ಅಗಲವಾಗಿದ್ದರೆ ಒತ್ತಡ ಹಂಚಿಹೋಗಿ ತುಟಿಗೆ ಹಿತ, ತೆಳುವಾಗಿದ್ದರೆ ತುಟಿ ಸಲೀಸಾಗಿ ಆಡುತ್ತದೆ, ಆದರೆ ಬೇಗ ಗೆರೆ ಮೂಡುತ್ತದೆ. ಎರಡನೆಯದು ಅಂಚಿನ ಉಬ್ಬು: ಅದರ ಅತಿ ಎತ್ತರದ ಗೆರೆ ಒಳಗಡೆಗೆ ವಾಲಿದೆಯೋ ಹೊರಗಡೆಗೆ ವಾಲಿದೆಯೋ ಎಂಬುದು. ಮೂರನೆಯದು ಒಳಅಂಚಿನ ಚೂಪು. ಅದು ಚೂಪಾಗಿದ್ದರೆ ತುಟಿಗೆ ‘ನಾನು ಎಲ್ಲಿದ್ದೇನೆ’ ಎಂಬ ಗುರುತು ಖಚಿತವಾಗಿ ಸಿಗುತ್ತದೆ, ಸ್ವರ ಸ್ಪಷ್ಟವಾಗಿ ಹೊರಡುತ್ತದೆ. ದುಂಡಾಗಿದ್ದರೆ ಹಿತವಾಗಿರುತ್ತದೆ, ಆದರೆ ಗುರುತು ಮಸುಕು.

ಒಳವ್ಯಾಸ ಹೊಂದಿದರೂ ಈ ಮೂರು ಹೊಂದದಿದ್ದರೆ ತುಟಿಗೆ ಅದು ಬೇರೆಯೇ ಮೌತ್‌ಪೀಸ್. ಬಾಕ್ ಕಂಪನಿಯ ಅಳತೆಪಟ್ಟಿಯಲ್ಲಿ 7ಸಿ ಮೌತ್‌ಪೀಸಿನ ಒಳವ್ಯಾಸ 16.20 ಮಿಲಿಮೀಟರ್, 5ಸಿಯದು 16.25, 3ಸಿಯದು 16.30. ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ಅಂತರ 0.1 ಮಿಲಿಮೀಟರ್, ಒಂದು ದಪ್ಪ ತಲೆಗೂದಲಿನಷ್ಟು. ಆದರೂ 7ಸಿಯಿಂದ 3ಸಿಗೆ ಹೋದ ವಿದ್ಯಾರ್ಥಿಗಳು ‘ಬಾಯಿ ಬಹಳ ದೊಡ್ಡದಾಯಿತು’ ಎನ್ನುತ್ತಾರೆ. ಅವರು ಗ್ರಹಿಸುತ್ತಿರುವುದು ಕೂದಲಿನಷ್ಟು ವ್ಯಾಸವನ್ನಷ್ಟೇ ಅಲ್ಲ. ಅಂಚಿನ ಆಕಾರವನ್ನೂ ಹೌದು.

ಮೋಸಮಾಡುವ ಸಂಖ್ಯೆಗಳು

ಅಂಗಡಿಗೆ ಹೋಗಿ ‘ಟ್ರಂಪೆಟ್ಟಿಗೆ ಇಂಥ ಸಂಖ್ಯೆ ಇದೆ, ಫ್ಲೂಗಲ್‌ಹಾರ್ನಿಗೂ ಅದೇ ಕೊಡಿ’ ಎಂದು ಕೇಳಿದರೆ ಆಯಿತಲ್ಲವೆ ಎನ್ನಬಹುದು. ಇಲ್ಲಿಯೇ ಹಲವರು ಎಡವುತ್ತಾರೆ. ಸಂಖ್ಯೆಗಳ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ.

ಆಸ್ಟ್ರಿಯಾದಲ್ಲಿ 1890ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ವಿನ್ಸೆಂಟ್ ಬಾಕ್ ಎಂಜಿನಿಯರಿಂಗ್ ಓದಿದವರು, ಜೊತೆಗೆ ಟ್ರಂಪೆಟ್ ಕಲಾವಿದರು. 1918ರಲ್ಲಿ ನ್ಯೂಯಾರ್ಕಿನಲ್ಲಿ ಕಾಲಿನಿಂದ ತುಳಿದು ನಡೆಸುವ ಒಂದು ಲೇತ್ ಇಟ್ಟುಕೊಂಡು ಮೌತ್‌ಪೀಸ್ ತಯಾರಿಸಲು ತೊಡಗಿದರು. ಅವರು ಹಾಕಿಕೊಟ್ಟ ಕ್ರಮದಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಬಾಯಿ ಅಗಲ. 1ಸಿ ಎಂದರೆ 17 ಮಿಲಿಮೀಟರ್. 7ಸಿ ಅದಕ್ಕಿಂತ ಕಿರಿದು. ಅಕ್ಷರ ಬಟ್ಟಲಿನ ಆಳವನ್ನು ಹೇಳುತ್ತದೆ: ಎ ಎಂದರೆ ಬಹಳ ಆಳ, ಸಿ ಮಧ್ಯಮ, ಎಫ್ ಎಂದರೆ ಬಹಳ ತೆಳು.

ಚಿಕಾಗೊ ಸಿಂಫನಿಯಲ್ಲಿ ಟ್ರಂಪೆಟ್ ನುಡಿಸಿದ್ದ ರೆನಾಲ್ಡ್ ಶಿಲ್ಕೆ ಮುಂದೆ ತಮ್ಮದೇ ಕಂಪನಿ ತೆರೆದಾಗ ಇದನ್ನು ತಿರುಗಿಸಿದರು. ಅವರ ಕ್ರಮದಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಬಾಯಿ ಅಗಲ. ಅಕ್ಷರದಲ್ಲಿ ಎ ಎಂದರೆ ತೆಳು, ಇ ಎಂದರೆ ಆಳ. ಶಿಲ್ಕೆಯವರ ಸಲಹೆ ಪಡೆದಿದ್ದ ಜಪಾನಿನ ಯಮಾಹಾ ಕಂಪನಿ ಅನುಸರಿಸಿದ್ದೂ ಇದೇ ಬಗೆಯನ್ನು. ಯಮಾಹಾದ 11ಬಿ4 ಮೌತ್‌ಪೀಸಿನ ಒಳವ್ಯಾಸ 16.46 ಮಿಲಿಮೀಟರ್, 14ಬಿ4ರದು 16.88.

ಅಂದರೆ ಬಾಕ್ ಪಟ್ಟಿಯಲ್ಲಿ ಸಣ್ಣ ಸಂಖ್ಯೆಯನ್ನು ಬಳಸುವವರು ಯಮಾಹಾ ಪಟ್ಟಿಯಲ್ಲಿ ದೊಡ್ಡ ಸಂಖ್ಯೆಯನ್ನು ಹುಡುಕಬೇಕು. ಅಕ್ಷರದ ಗೊಂದಲವೂ ಇದೆ. ಯಮಾಹಾದ ಫ್ಲೂಗಲ್‌ಹಾರ್ನ್ ಮೌತ್‌ಪೀಸುಗಳಿಗೆ 11ಎಫ್4, 14ಎಫ್4 ಎಂಬಂತಹ ಹೆಸರುಗಳಿವೆ. ಇಲ್ಲಿ ಎಫ್ ಎಂಬುದು ಫ್ಲೂಗಲ್‌ಹಾರ್ನಿನ ಆಳವಾದ ಬಟ್ಟಲಿನ ಗುರುತು. ಬಾಕ್ ಟ್ರಂಪೆಟ್ ಪಟ್ಟಿಯ ಎಫ್ ಅದಕ್ಕೆ ತದ್ವಿರುದ್ಧ.

ಇನ್ನೂ ಒಂದು ತೊಡಕಿದೆ. ಒಳವ್ಯಾಸವನ್ನು ಎಲ್ಲಿ ಅಳೆಯಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಅಂಚು ಒಳಮುಖವಾಗಿ ಬಾಗಿರುವುದರಿಂದ ಮೇಲ್ಗಡೆ ಅಳೆದರೆ ಒಂದು ಲೆಕ್ಕ, ತುಸು ಕೆಳಗೆ ಅಳೆದರೆ ಇನ್ನೊಂದು. ಒಂದು ಕಂಪನಿಯ 16.5 ಇನ್ನೊಂದು ಕಂಪನಿಯ 16.5ಕ್ಕೆ ಸಮ ಎಂದು ನಂಬುವಂತಿಲ್ಲ. ಆದ್ದರಿಂದ ಸಾಧ್ಯವಾದಷ್ಟೂ ಎರಡು ವಾದ್ಯದ ಮೌತ್‌ಪೀಸುಗಳನ್ನೂ ಒಂದೇ ಕಂಪನಿಯಿಂದ, ಒಂದೇ ಅಂಚಿನ ಸರಣಿಯಿಂದ ಕೊಳ್ಳುವುದು ಸುರಕ್ಷಿತ.

ಬಟ್ಟಲು ಏಕೆ ಬೇರೆ?

‘ಹಾಗಾದರೆ ಟ್ರಂಪೆಟ್ಟಿನ ಮೌತ್‌ಪೀಸನ್ನೇ ಫ್ಲೂಗಲ್‌ಹಾರ್ನಿಗೆ ಹಾಕಿಬಿಟ್ಟರೆ ಅಂಚು ಒಂದೇ ಆಯಿತಲ್ಲ, ಸರ್?’ ಎಂದು ಒಮ್ಮೆ ಒಬ್ಬ ಹುಡುಗ ಕೇಳಿದ. ತರ್ಕ ಸರಿಯಾಗಿಯೇ ಇದೆ. ಆದರೆ ಎರಡು ಕಾರಣಗಳಿಂದ ಅದು ಕೂಡದು.

ಒಂದು, ನಾದ. ಟ್ರಂಪೆಟ್ಟಿನ ಬಟ್ಟಲು ಸಾಮಾನ್ಯವಾಗಿ ದುಂಡುತಳದ ಬೋಗುಣಿಯಂತೆ. ಫ್ಲೂಗಲ್‌ಹಾರ್ನಿನದು ಆಳವಾದ ಆಲಿಕೆಯಂತೆ. ಬೋಗುಣಿಯ ಆಕಾರ ನಾದದ ಮೇಲಿನ ಅಂಶಗಳನ್ನು ಎತ್ತಿ ತೋರಿಸಿ ಹೊಳಪು ಕೊಡುತ್ತದೆ. ಆಲಿಕೆಯ ಆಕಾರ ಅವುಗಳನ್ನು ಮೆತ್ತಗಾಗಿಸುತ್ತದೆ. ಶಂಕುವಿನಾಕಾರದ ವಾದ್ಯದ ತಲೆಗೆ ಬೋಗುಣಿ ಕೂರಿಸಿದರೆ ಕೇಳಿಸುವುದು ಮಂಕು ಹಿಡಿದ ಟ್ರಂಪೆಟ್ಟೇ ಹೊರತು ಫ್ಲೂಗಲ್‌ಹಾರ್ನ್ ಅಲ್ಲ. ಯಾವ ನಾದಕ್ಕಾಗಿ ಇನ್ನೊಂದು ವಾದ್ಯವನ್ನು ಹೊತ್ತು ತಂದೆವೋ ಆ ನಾದವೇ ಹೋಯಿತು.

ಎರಡು, ಶ್ರುತಿ. ಬಟ್ಟಲಿನ ಗಾತ್ರವೂ ಬಾಲ ಒಳಗೆ ಹೋಗುವ ಆಳವೂ ಸೇರಿ ವಾದ್ಯದ ಶ್ರುತಿಯನ್ನು ನಿರ್ಧರಿಸುತ್ತವೆ. ಇವು ತಪ್ಪಿದರೆ ಒಂದು ಸ್ವರ ಏರುತ್ತದೆ, ಇನ್ನೊಂದು ಇಳಿಯುತ್ತದೆ. ಶ್ರುತಿಗಾಗಿ ಎಳೆಯುವ ನಳಿಗೆಯಿಂದ ಎಲ್ಲವನ್ನೂ ಒಟ್ಟಿಗೆ ಏರಿಸಿ ಇಳಿಸಬಹುದೇ ಹೊರತು ಸ್ವರಗಳ ನಡುವಿನ ಅಂತರವನ್ನು ಸರಿಪಡಿಸಲಾಗದು.

ಬಾಲದ ವಿಚಾರವನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ಟ್ರಂಪೆಟ್ಟಿನ ಬಾಲದ ಇಳಿಜಾರು ಬಹುಮಟ್ಟಿಗೆ ಒಂದೇ ಬಗೆಯದು. ಫ್ಲೂಗಲ್‌ಹಾರ್ನಿನಲ್ಲಿ ಹಾಗಲ್ಲ, ಮೂರು ಬಗೆಯ ಬಾಲಗಳು ಬಳಕೆಯಲ್ಲಿವೆ. ಎರಡು ಬಗೆ ಇಳಿಜಾರಿನವು, ಒಂದು ದಪ್ಪ, ಒಂದು ಸಣ್ಣ. ಮೂರನೆಯದು ಫ್ರೆಂಚ್ ಮಾದರಿ. ಕೂಸ್‌ನೊನ್ ಕಂಪನಿಯ ಹಳೆಯ ವಾದ್ಯಗಳಲ್ಲಿ ಕಾಣುವಂಥದು, ಹೆಚ್ಚುಕಡಿಮೆ ನೇರ ಕೊಳವೆಯಂತೆ. ಆ ಹುಡುಗ ಮದುವೆ ಹಂಗಾಮಿನ ಸಂಪಾದನೆ ಕೂಡಿಟ್ಟು ಹೊರಊರಿನಿಂದ ಮೌತ್‌ಪೀಸ್ ತರಿಸಿಕೊಂಡಿದ್ದ. ಅಂಚು ಅವನ ಟ್ರಂಪೆಟ್ಟಿನದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತ್ತು. ಆದರೆ ಬಾಲ ಬೇರೆ ಬಗೆಯದು. ಒಳಗೆ ಹೆಚ್ಚು ಇಳಿದು ಅಲುಗಾಡುತ್ತಿತ್ತು. ಕಾಗದ ಸುತ್ತಿ ನುಡಿಸಿದ, ಗಾಳಿ ಸೋರಿತು. ಮೂರು ತಿಂಗಳ ದುಡಿಮೆ ಪೆಟ್ಟಿಗೆಯಲ್ಲಿ ಉಳಿಯಿತು. ಅಂಚಿನ ಅಳತೆ ಕೇಳುವ ಮೊದಲು ನಿಮ್ಮ ಫ್ಲೂಗಲ್‌ಹಾರ್ನ್ ಯಾವ ಬಗೆಯ ಬಾಲ ಬೇಡುತ್ತದೆ ಎಂದು ತಿಳಿದುಕೊಳ್ಳಿ. ವಾದ್ಯದ ಜೊತೆಗೆ ಬಂದ ಮೂಲ ಮೌತ್‌ಪೀಸ್ ಎಷ್ಟೇ ಹಳೆಯದಾದರೂ ಎಸೆಯಬೇಡಿ. ಬಾಲ ಹೋಲಿಸಿ ನೋಡಲು ಅದೇ ಅಳತೆಗೋಲು.

ಮೂರು ದಾರಿಗಳು

ಅನುಭವಿ ವಾದಕರಲ್ಲಿ ಮೂರು ಬಗೆಯ ರೂಢಿ ಕಾಣುತ್ತದೆ.

ಮೊದಲನೆಯ ದಾರಿ, ಎರಡಕ್ಕೂ ಒಂದೇ ಅಂಚು. ಒಂದೇ ಕಾರ್ಯಕ್ರಮದಲ್ಲಿ ಎರಡೂ ವಾದ್ಯಗಳನ್ನು ಬೇಗ ಬೇಗ ಬದಲಾಯಿಸಬೇಕಾದವರಿಗೆ ಇದೇ ಸೂಕ್ತ. ಕಲಿಕೆಯ ಮೊದಲ ವರ್ಷಗಳಲ್ಲಿ ಇರುವವರಿಗೂ ನಾನು ಹೇಳುವುದು ಇದನ್ನೇ. ತುಟಿ ಇನ್ನೂ ಒಂದು ಜಾಗದಲ್ಲಿ ನೆಲೆಯೂರುತ್ತಿರುವಾಗ ಅದಕ್ಕೆ ಎರಡು ಜಾಗ ತೋರಿಸಬಾರದು.

ಎರಡನೆಯ ದಾರಿ, ಫ್ಲೂಗಲ್‌ಹಾರ್ನಿಗೆ ತುಸು ಅಗಲ ಅಥವಾ ತುಸು ದುಂಡು ಅಂಚು. ಮೇಲಿನ ಸ್ವರಗಳಿಗಾಗಿ ಟ್ರಂಪೆಟ್ಟಿನಲ್ಲಿ ಬಹಳ ಕಿರಿದಾದ, ತೆಳು ಬಟ್ಟಲಿನ ಮೌತ್‌ಪೀಸ್ ಬಳಸುವವರು ಕೆಲವೊಮ್ಮೆ ಹೀಗೆ ಮಾಡುತ್ತಾರೆ. ಫ್ಲೂಗಲ್‌ಹಾರ್ನಿನಲ್ಲಿ ಹಾಡು ಕೆಳಗಿನ ಮತ್ತು ಮಧ್ಯದ ಸ್ವರಗಳಲ್ಲೇ ಹೆಚ್ಚು ಸುಳಿಯುವುದರಿಂದ ತುಟಿಗೆ ತುಸು ಜಾಗ ಸಿಕ್ಕರೆ ನಾದ ಬಿಚ್ಚಿಕೊಳ್ಳುತ್ತದೆ. ಆದರೆ ‘ತುಸು’ ಎಂಬುದನ್ನು ಮರೆಯಬಾರದು. ಅಂತರ ಹೆಚ್ಚಿದಷ್ಟೂ ಟ್ರಂಪೆಟ್ಟಿಗೆ ಮರಳುವುದು ಕಷ್ಟ.

ಮೂರನೆಯ ದಾರಿ, ಎರಡಕ್ಕೂ ಸಂಪೂರ್ಣ ಬೇರೆ. ಫ್ಲೂಗಲ್‌ಹಾರ್ನೇ ಮುಖ್ಯವಾದ್ಯ ಆಗಿರುವವರಿಗೆ ಇದು ಸರಿ. ಜಾಜ್ ಕಲಾವಿದ ಆರ್ಟ್ ಫಾರ್ಮರ್ (1928–1999) ಟ್ರಂಪೆಟ್ಟಿನಿಂದ ಫ್ಲೂಗಲ್‌ಹಾರ್ನಿಗೆ ಒಲಿದು ಅದನ್ನೇ ತಮ್ಮ ದನಿಯಾಗಿಸಿಕೊಂಡವರು. ಕೊನೆಗೆ ಅಮೆರಿಕದ ವಾದ್ಯತಯಾರಕ ಡೇವಿಡ್ ಮೊನೆಟ್ ಎರಡರ ಗುಣಗಳನ್ನೂ ಬೆರೆಸಿ ಅವರಿಗಾಗಿ ‘ಫ್ಲಂಪೆಟ್’ ಎಂಬ ವಾದ್ಯವನ್ನೇ ರೂಪಿಸಿದರು. ಆದರೆ ವಾರಕ್ಕೊಮ್ಮೆ ಒಂದು ಹಾಡಿಗೆ ಫ್ಲೂಗಲ್‌ಹಾರ್ನ್ ಎತ್ತಿಕೊಳ್ಳುವವರಿಗೆ ಇದು ಹೇಳಿಸಿದ ದಾರಿಯಲ್ಲ.

ಒಂದೇ ಅಂಚು ಬೇಕೆನ್ನುವವರಿಗೆ ಇನ್ನೊಂದು ಅನುಕೂಲವಿದೆ. ಕೆಲವು ಕಂಪನಿಗಳು ತಿರುಪು ಅಂಚಿನ ಮೌತ್‌ಪೀಸ್ ತಯಾರಿಸುತ್ತವೆ. ಅಂಚು ಬೇರೆ, ಬಟ್ಟಲು ಬೇರೆ, ನಡುವೆ ತಿರುಪು. ಒಂದೇ ಅಳತೆಯ ಅಂಚನ್ನು ಟ್ರಂಪೆಟ್ಟಿನ ಬಟ್ಟಲಿಗೂ ಫ್ಲೂಗಲ್‌ಹಾರ್ನಿನ ಬಟ್ಟಲಿಗೂ ಕೂರಿಸಬಹುದು. ಆದರೆ ಒಂದು ಕಂಪನಿಯ ತಿರುಪು ಇನ್ನೊಂದರ ಬಟ್ಟಲಿಗೆ ಕೂರುತ್ತದೆ ಎಂಬ ಭರವಸೆಯಿಲ್ಲ. ನಿಮ್ಮ ಮೆಚ್ಚಿನ ಮೌತ್‌ಪೀಸನ್ನೇ ಕತ್ತರಿಸಿ ತಿರುಪು ಹಾಕಿಸುವ ಯೋಚನೆ ಬಂದರೆ, ಅದೇ ಅಳತೆಯ ಇನ್ನೊಂದು ನಿಮ್ಮಲ್ಲಿ ಇರುವವರೆಗೆ ಕೈ ಹಾಕಬೇಡಿ. ಕತ್ತರಿಸಿದ್ದನ್ನು ಮತ್ತೆ ಕೂಡಿಸಲಾಗದು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಕೊಳ್ಳುವ ಮೊದಲು, ಅಥವಾ ಕೊಂಡ ಮೇಲಾದರೂ, ಈ ಪರೀಕ್ಷೆಗಳನ್ನು ಮಾಡಿ ನೋಡಿ.

1. ಶಾಯಿಯ ಗುರುತು: ರಬ್ಬರ್ ಸ್ಟ್ಯಾಂಪಿಗೆ ಬಳಸುವ ಶಾಯಿಪ್ಯಾಡಿನ ಮೇಲೆ ಮೌತ್‌ಪೀಸಿನ ಅಂಚನ್ನು ಹಗುರವಾಗಿ ಒತ್ತಿ, ಬಿಳಿ ಕಾಗದದ ಮೇಲೆ ಅಚ್ಚು ಹಾಕಿ. ಅಂಚಿನ ಅತಿ ಎತ್ತರದ ಗೆರೆ ಉಂಗುರವಾಗಿ ಮೂಡುತ್ತದೆ. ಎರಡು ಮೌತ್‌ಪೀಸುಗಳ ಉಂಗುರಗಳನ್ನು ಪಕ್ಕಪಕ್ಕದಲ್ಲಿ ಅಳೆದು ನೋಡಿ. ಪಟ್ಟಿಯ ಸಂಖ್ಯೆ ಹೇಳದ ಸಂಗತಿ ಇಲ್ಲಿ ಕಾಣುತ್ತದೆ. ಆಮೇಲೆ ಸೋಪು ಹಾಕಿ ಚೆನ್ನಾಗಿ ತೊಳೆಯುವುದನ್ನು ಮರೆಯಬೇಡಿ.

2. ಕಣ್ಣು ಮುಚ್ಚಿ: ಸ್ನೇಹಿತರೊಬ್ಬರು ಯಾವುದೆಂದು ಹೇಳದೆ ಒಂದಾದ ಮೇಲೊಂದು ಮೌತ್‌ಪೀಸ್ ಕೈಗೆ ಕೊಡಲಿ. ವಾದ್ಯಕ್ಕೆ ಹಾಕದೆ ತುಟಿಗಿಟ್ಟು ನೋಡಿ. ಯಾವುದು ಯಾವುದೆಂದು ತುಟಿಗೆ ತಿಳಿಯದಿದ್ದರೆ ಅಂಚು ಹೊಂದಿತೆಂದೇ ಅರ್ಥ.

3. ಬದಲಾವಣೆಯ ಪರೀಕ್ಷೆ: ಟ್ರಂಪೆಟ್ಟಿನಲ್ಲಿ ಮಧ್ಯಸ್ಥಾಯಿಯ ಒಂದು ಸಾಲು ನುಡಿಸಿ, ಎರಡು ಉಸಿರಿನ ಅವಧಿಯಲ್ಲಿ ಫ್ಲೂಗಲ್‌ಹಾರ್ನ್ ಎತ್ತಿ ಅದೇ ಸಾಲು ನುಡಿಸಿ. ಮೊದಲ ಸ್ವರ ಒಡೆಯದೆ ಬರುತ್ತದೆಯೇ ಎಂದು ಗಮನಿಸಿ.

4. ಮರಳುವ ಪರೀಕ್ಷೆ: ಇದೇ ಎಲ್ಲಕ್ಕಿಂತ ಮುಖ್ಯ, ಹೆಚ್ಚಿನವರು ಮಾಡದೆ ಬಿಡುವುದೂ ಇದನ್ನೇ. ಇಪ್ಪತ್ತು ನಿಮಿಷ ಫ್ಲೂಗಲ್‌ಹಾರ್ನ್ ನುಡಿಸಿ, ಕೂಡಲೆ ಟ್ರಂಪೆಟ್ಟಿಗೆ ಬಂದು ಮೇಲಿನ ಸ್ವರಗಳಿರುವ ಸಾಲನ್ನು ಎತ್ತಿಕೊಳ್ಳಿ. ನನ್ನ ಕ್ರಿಸ್‌ಮಸ್ ಸಂಜೆಯ ಪ್ರಮಾದ ಬಯಲಾಗುತ್ತಿದ್ದುದು ಈ ಪರೀಕ್ಷೆಯಲ್ಲಿ. ನಾನು ಮನೆಯಲ್ಲಿ ಎರಡು ವಾದ್ಯಗಳನ್ನೂ ಬೇರೆ ಬೇರೆ ಹೊತ್ತಿನಲ್ಲಿ ಅಭ್ಯಾಸ ಮಾಡಿದ್ದೆ. ಒಂದರ ಬೆನ್ನಿಗೆ ಒಂದನ್ನು ನುಡಿಸಿ ನೋಡಿರಲಿಲ್ಲ.

5. ಕನ್ನಡಿ: ಎರಡನ್ನೂ ನುಡಿಸಿದ ಬಳಿಕ ತುಟಿಯ ಮೇಲೆ ಮೂಡಿದ ಉಂಗುರದ ಗುರುತನ್ನು ನೋಡಿ. ಎರಡು ಗುರುತುಗಳು ಬೇರೆ ಬೇರೆ ಜಾಗದಲ್ಲಿದ್ದರೆ ತುಟಿ ಎರಡು ಅಭ್ಯಾಸಗಳನ್ನು ಕಲಿಯುತ್ತಿದೆ ಎಂದು ತಿಳಿಯಿರಿ.

ಈ ಪರೀಕ್ಷೆಗಳನ್ನು ತುಟಿ ದಣಿದಿರುವಾಗ ಮಾಡಬಾರದು. ಇಡೀ ರಾತ್ರಿ ಮೆರವಣಿಗೆಯಲ್ಲಿ ನುಡಿಸಿದ ಮರುದಿನ ಯಾವ ಅಂಚೂ ಹಿತವೆನಿಸದು. ಒಂದೇ ದಿನದ ಅನುಭವದಿಂದ ತೀರ್ಮಾನಕ್ಕೂ ಬರಬಾರದು. ಹೊಸ ಅಂಚು ಮೊದಲ ದಿನ ಬಹಳ ಚೆನ್ನಾಗಿದೆ ಎನಿಸಿ, ವಾರದ ಹೊತ್ತಿಗೆ ಬೇಸರ ತರಿಸಬಹುದು. ಕನಿಷ್ಠ ಎರಡು ವಾರ ಕೊಡಿ.

ಕೆಲವು ಪ್ರಶ್ನೆಗಳಿಗೆ ಉತ್ತರ

ಮೇಲಿನ ಸ್ವರ ಸುಲಭವಾಗಲೆಂದು ಎರಡಕ್ಕೂ ಕಿರಿದಾದ ಅಂಚು ಹಾಕಬಹುದೆ? ಮೇಲಿನ ಸ್ವರ ಬರುವುದು ಉಸಿರಿನ ಬಲ ಮತ್ತು ತುಟಿಯ ಹತೋಟಿಯಿಂದ. ಕಿರಿದಾದ ಅಂಚು ದಣಿವನ್ನು ಕೊಂಚ ಮುಂದೂಡಬಹುದು, ಅಷ್ಟೆ. ತುಟಿಗೆ ಇಕ್ಕಟ್ಟಾದರೆ ಕಂಪನವೇ ನಿಂತು ಇದ್ದ ಸ್ವರವೂ ಹೋಗುತ್ತದೆ.

ಅಂಚಿನ ಬೆಳ್ಳಿಲೇಪ ಸವೆದುಹೋಗಿದೆ, ನುಡಿಸಬಹುದೆ? ಒಳಗಿನ ಹಿತ್ತಾಳೆ ಬರಿದಾಗಿ ತುಟಿಗೆ ತಾಗಿದರೆ ಕೆಲವರಿಗೆ ಉರಿ, ತುರಿಕೆ ಆಗುತ್ತದೆ. ಮತ್ತೆ ಲೇಪ ಹಾಕಿಸಬೇಕು. ಬೆಳ್ಳಿ ಒಗ್ಗದವರು ಚಿನ್ನದ ಲೇಪ ಹಾಕಿಸಿಕೊಳ್ಳುವುದುಂಟು. ಚಿನ್ನದ ಅಂಚು ತುಸು ಜಾರು ಎನಿಸುವುದರಿಂದ ಹಾಕಿಸುವುದಾದರೆ ಎರಡು ಮೌತ್‌ಪೀಸಿಗೂ ಹಾಕಿಸುವುದು ಒಳ್ಳೆಯದು.

ಊರಿನ ಲೇತ್ ಕೆಲಸದವರಿಂದ ಬಾಲ ಅಥವಾ ಅಂಚು ತಿದ್ದಿಸಬಹುದೆ? ವಾದ್ಯದ ಕೆಲಸ ಬಲ್ಲವರಾದರೆ ಆಗಬಹುದು. ಆದರೆ ಇಲ್ಲಿ ಕೂದಲೆಳೆಯಷ್ಟು ಲೋಹ ಹೋದರೂ ವ್ಯತ್ಯಾಸ ತಿಳಿಯುತ್ತದೆ. ನಿಮ್ಮ ಏಕೈಕ ಮೌತ್‌ಪೀಸಿನ ಮೇಲೆ ಪ್ರಯೋಗ ಮಾಡಿಸಬೇಡಿ.

ಒಂದೇ ಅಂಚು ಸಿಗಲೇ ಇಲ್ಲ, ಏನು ಮಾಡುವುದು? ಸಿಕ್ಕಿದವುಗಳಲ್ಲಿ ಒಳಅಂಚಿನ ಚೂಪು ಮತ್ತು ಉಬ್ಬಿನ ಗೆರೆ ನಿಮ್ಮ ಟ್ರಂಪೆಟ್ಟಿನದಕ್ಕೆ ಹತ್ತಿರವಿರುವುದನ್ನು ಆರಿಸಿ. ಒಳವ್ಯಾಸದಲ್ಲಿ ಅಲ್ಪ ವ್ಯತ್ಯಾಸವಿದ್ದರೂ ನಡೆದೀತು. ಪ್ರತಿದಿನದ ಅಭ್ಯಾಸದ ಕೊನೆಗೆ ಹತ್ತು ನಿಮಿಷ ಎರಡು ವಾದ್ಯಗಳನ್ನೂ ಒಂದರ ಬೆನ್ನಿಗೆ ಒಂದರಂತೆ ನುಡಿಸಿ. ತುಟಿ ದಾರಿ ಕಲಿಯುತ್ತದೆ, ನಿಧಾನವಾಗಿ.

ಆ ಕ್ರಿಸ್‌ಮಸ್ ಮುಗಿದ ಮೇಲೆ ನಾನು ನನ್ನ ಟ್ರಂಪೆಟ್ಟಿನ ಅಂಚಿಗೆ ಹೊಂದುವ ಫ್ಲೂಗಲ್‌ಹಾರ್ನ್ ಮೌತ್‌ಪೀಸೊಂದನ್ನು ಹುಡುಕಿ ಕೊಂಡೆ. ಅದು ಹೆಚ್ಚು ಬೆಲೆಯದೂ ಅಲ್ಲ, ಹೆಸರಾಂತ ಕಲಾವಿದರು ಬಳಸುವಂಥದೂ ಅಲ್ಲ. ಮುಂದಿನ ವರ್ಷ ಅದೇ ಹಾಡು, ಅದೇ ನಾಲ್ಕು ಬಾರ್‌ಗಳ ವಿರಾಮ. ಫ್ಲೂಗಲ್‌ಹಾರ್ನ್ ಇಳಿಸಿ ಟ್ರಂಪೆಟ್ ಎತ್ತಿದಾಗ ತುಟಿ ತನ್ನ ಜಾಗದಲ್ಲಿಯೇ ಇತ್ತು. ಮೇಲಿನ ಸ್ವರ ಮೊದಲ ಸಲಕ್ಕೇ ಬಂತು. ಸಭೆಯಲ್ಲಿ ಯಾರೂ ಅದನ್ನು ವಿಶೇಷವಾಗಿ ಗಮನಿಸಲಿಲ್ಲ. ಪಕ್ಕದಲ್ಲಿ ಕುಳಿತಿದ್ದ, ಹಿಂದಿನ ವರ್ಷವೂ ಅಲ್ಲಿಯೇ ಕುಳಿತಿದ್ದ ವಾದಕರು ಮಾತ್ರ ನನ್ನ ಕಡೆ ನೋಡಿ ತಲೆಯಾಡಿಸಿದರು.